ಪ್ರ್ಯಾಕ್ಟಿಸ್‌ನಲ್ಲಿ ಹುಲಿ, ಮ್ಯಾಚ್‌ನಲ್ಲಿ ಇಲಿ: ಯಾಕೆ ಹೀಗೆ?

ಪ್ರಶ್ನೆ: ಪ್ರ್ಯಾಕ್ಟಿಸ್‌ನಲ್ಲಿ ನಾನು ಆರಾಮಾಗಿ ಸೋಲಿಸುವವರ ಎದುರೇ ಟೆನಿಸ್ ಟೂರ್ನಮೆಂಟ್‌ನಲ್ಲಿ ಸೋಲುತ್ತೇನೆ. ಸ್ಕೋರ್ ಹತ್ತಿರ ಬಂದರೆ ಸಾಕು, ಕೈ ಬಿಗಿಯಾಗಿ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗುವುದು) ಶುರುವಾಗುತ್ತದೆ. ಕೋಚ್ "ಮನಸ್ಸು ಗಟ್ಟಿ ಮಾಡ್ಕೋ" ಅಂತಾರೆ. ಅದನ್ನು ಮಾಡೋದು ಹೇಗೆ?

ನಿದ್ದೆ ಬಾರದೆ ಹೊರಳಾಡುವವನಿಗೆ "ಸುಮ್ನೆ ಮಲ್ಕೋ" ಅಂದ ಹಾಗಾಯಿತು ಅದು. ಮಾತು ಸರಿ, ಉಪಯೋಗ ಸೊನ್ನೆ. ಮನಸ್ಸಿನ ವಿಷಯ ಪಕ್ಕಕ್ಕಿಡಿ, ಮೊದಲು ನಿಮ್ಮ ಕೈ ನೋಡೋಣ.

ಸ್ಕೋರ್ 30-40, ಇನ್ನೊಂದು ಪಾಯಿಂಟ್ ಹೋದರೆ ಗೇಮ್ ಎದುರಾಳಿಗೆ. ಮೊದಲ ಸರ್ವ್ ನೆಟ್‌ಗೆ ಹೋಯಿತು. ಈಗ ಸೆಕೆಂಡ್ ಸರ್ವ್. ನಿಮಗೆ ಗೊತ್ತಿಲ್ಲದೇ ಬೆರಳುಗಳು ಹಿಡಿಯನ್ನು ಹಿಚುಕುತ್ತಿವೆ. ಬೇಗ ಮುಗಿಸಿಬಿಡೋಣ ಅಂತ ಚೆಂಡನ್ನು ಎರಡೇ ಸಲ ಪುಟಿಸಿದಿರಿ. ಟಾಸ್, ಅಂದರೆ ಹೊಡೆಯಲು ಮೇಲಕ್ಕೆ ಎಸೆದ ಚೆಂಡು, ಒಂದು ಗೇಣು ಕಡಿಮೆ ಹೋಯಿತು. ಹೇಗಾದರೂ ಒಳಗೆ ಬೀಳಲಿ ಅಂತ ರಾಕೆಟ್‌ನ ವೇಗ ಇಳಿಸಿ ಚೆಂಡನ್ನು ಮೆಲ್ಲಗೆ ತಳ್ಳಿದಿರಿ. ಮತ್ತೆ ನೆಟ್. ತಮಾಷೆ ಏನೆಂದರೆ, ಚೆಂಡನ್ನು ನೆಟ್ ದಾಟಿಸಿ ಎದುರಿನ ಸರ್ವಿಸ್ ಬಾಕ್ಸ್‌ನೊಳಗೆ ಇಳಿಸುವುದು ಸ್ಪಿನ್, ಅಂದರೆ ಚೆಂಡಿನ ತಿರುಗುವಿಕೆ. ಸ್ಪಿನ್ ಬರಬೇಕಾದರೆ ರಾಕೆಟ್ ಜೋರಾಗಿಯೇ ಬೀಸಬೇಕು. ಅಂದರೆ ಜೋಪಾನ ಮಾಡಲು ಹೋಗಿಯೇ ಕೆಟ್ಟಿರಿ. ನಿಮಗೆ ಧೈರ್ಯ ಕಡಿಮೆ ಅಂತ ನನಗೆ ಅನ್ನಿಸುವುದಿಲ್ಲ. ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದನ್ನು ನೀವು ಅಭ್ಯಾಸ ಮಾಡಿಲ್ಲ, ಅಷ್ಟೇ.

ಆ ಅಭ್ಯಾಸಕ್ಕೆ ಜಾಗ ಪಾಯಿಂಟ್‌ಗಳ ನಡುವೆ ಇದೆ. ನಿಯಮದ ಪ್ರಕಾರ ಒಂದು ಪಾಯಿಂಟ್ ಮುಗಿದು ಮುಂದಿನದಕ್ಕೆ 25 ಸೆಕೆಂಡ್ ತನಕ ಸಮಯ ಇರುತ್ತದೆ. ಬದಿ ಬದಲಾಯಿಸುವಾಗ 90 ಸೆಕೆಂಡ್. ಮ್ಯಾಚ್‌ನ ಜಾಸ್ತಿ ಹೊತ್ತು ಚೆಂಡು ಆಟದಲ್ಲೇ ಇರುವುದಿಲ್ಲ. ತಲೆ ಕೆಡುವುದು ಆಗಲೇ. ಅಮೆರಿಕದ ಕ್ರೀಡಾ ಮನಃಶಾಸ್ತ್ರಜ್ಞ ಜಿಮ್ ಲೋರ್ ದೊಡ್ಡ ಆಟಗಾರರು ಪಾಯಿಂಟ್‌ಗಳ ನಡುವೆ ಏನು ಮಾಡುತ್ತಾರೆ ಅಂತ ಗಮನಿಸಿ, ಅದರಿಂದಲೇ ಒಂದು ತರಬೇತಿ ಕ್ರಮ ಮಾಡಿದವರು.

ನೀವು ಹೀಗೆ ಮಾಡಿ. ಪಾಯಿಂಟ್ ಮುಗಿದ ಕೂಡಲೇ ನೆಟ್‌ಗೆ ಬೆನ್ನು ಹಾಕಿ. ರಾಕೆಟನ್ನು ಇನ್ನೊಂದು ಕೈಗೆ ದಾಟಿಸಿ, ಆಡುವ ಕೈ ಜೋತು ಬೀಳಲಿ. ಕಣ್ಣು ರಾಕೆಟ್‌ನ ತಂತಿಗಳ ಮೇಲಿರಲಿ, ಗ್ಯಾಲರಿಯಲ್ಲಿ ಕೂತ ಅಪ್ಪನ ಮುಖದ ಮೇಲಲ್ಲ. ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಸರ್ವ್ ಎಲ್ಲಿಗೆ ಅಂತ ಹಿಂದೆ ನಿಂತಾಗಲೇ ತೀರ್ಮಾನಿಸಿ. ಗೆರೆ ಹತ್ತಿರ ಬಂದ ಮೇಲೆ ಯೋಚನೆ ಬೇಡ. ಪ್ರತಿ ಸಲವೂ ಲೆಕ್ಕ ಹಾಕಿ ಅಷ್ಟೇ ಸಲ ಚೆಂಡು ಪುಟಿಸಿ, ಸರ್ವ್ ಮಾಡಿ. 40-0 ಇದ್ದಾಗಲೂ ಇದೇ, 30-40 ಇದ್ದಾಗಲೂ ಇದೇ. ಕಷ್ಟ ಬಂದಾಗ ಮಾತ್ರ ಮಾಡಿದರೆ ಅದು ಕೆಲಸಕ್ಕೆ ಬರುವುದಿಲ್ಲ. ರಫೆಲ್ ನಡಾಲ್ ನೀರಿನ ಬಾಟಲಿ ಜೋಡಿಸುವುದನ್ನು ನೋಡಿ ನಕ್ಕಿದ್ದೀರಿ ಅಲ್ವಾ? ನಾನೂ ನಕ್ಕಿದ್ದೇನೆ. ಸ್ಕೋರ್ ಏನೇ ಇರಲಿ, ಆ ಬಾಟಲಿಗಳು ಮಾತ್ರ ಅವರ ಕೈಯಲ್ಲೇ ಇದ್ದವು!

ಇನ್ನೊಂದು ಲೆಕ್ಕ. ರೋಜರ್ ಫೆಡರರ್ 1526 ಸಿಂಗಲ್ಸ್ ಮ್ಯಾಚ್ ಆಡಿ ಹತ್ತಿರಹತ್ತಿರ 80 ಶೇಕಡಾ ಗೆದ್ದವರು. ಅವರು ಗೆದ್ದ ಪಾಯಿಂಟ್ ಎಷ್ಟು ಗೊತ್ತಾ? 54 ಶೇಕಡಾ. 2024ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಅವರೇ ಹೇಳಿದ ಲೆಕ್ಕ ಇದು. ಅವರಂಥವರೇ ಹೆಚ್ಚುಕಡಿಮೆ ಅರ್ಧ ಪಾಯಿಂಟ್ ಕಳೆದುಕೊಂಡಿರುವಾಗ, ಒಂದು ಫೋರ್‌ಹ್ಯಾಂಡ್ ಔಟ್ ಹೋಯಿತು ಅಂತ ನೀವು ರಾಕೆಟ್ ನೆಲಕ್ಕೆ ಬಡಿಯುವುದು ಸ್ವಲ್ಪ ಜಾಸ್ತಿಯೇ ಆಯಿತು. ಹೋದ ಪಾಯಿಂಟ್ ಒಂದೇ. ಅದರ ಸಿಟ್ಟಿನಲ್ಲಿ ಮುಂದಿನ ಎರಡು ಹೋಗುತ್ತವಲ್ಲ, ಅವು ದುಬಾರಿ.

ಬಿಗಿಯಾಗುವುದು ನನ್ನ ಹಣೆಬರಹ ಅಂತಲೂ ಅಂದುಕೊಳ್ಳಬೇಡಿ. 1993ರ ವಿಂಬಲ್ಡನ್ ಫೈನಲ್. ಸ್ಟೆಫಿ ಗ್ರಾಫ್ ಎದುರು ಯಾನಾ ನೊವೊಟ್ನಾ ಕೊನೆಯ ಸೆಟ್‌ನಲ್ಲಿ 4-1 ಮುಂದಿದ್ದರು. 5-1 ಆಗಲು ಒಂದೇ ಪಾಯಿಂಟ್ ಬೇಕಿತ್ತು. ಡಬಲ್ ಫಾಲ್ಟ್ ಆಯಿತು. ಅಲ್ಲಿಂದ ಒಂದು ಗೇಮ್ ಕೂಡ ಸಿಗದೆ ಸೆಟ್ 4-6 ಹೋಯಿತು. ಬಹುಮಾನ ಕೊಡುವಾಗ ಅವರು ಅತ್ತದ್ದನ್ನು ಜನ ಇನ್ನೂ ಮರೆತಿಲ್ಲ. ಅದೇ ನೊವೊಟ್ನಾ 1998ರಲ್ಲಿ ವಿಂಬಲ್ಡನ್ ಗೆದ್ದರು.

ಪ್ರ್ಯಾಕ್ಟಿಸ್ ಕೂಡ ಬದಲಾಗಬೇಕು. ಬುಟ್ಟಿ ತುಂಬ ಚೆಂಡು ಇಟ್ಟುಕೊಂಡು ಸರ್ವ್ ಹೊಡೆದರೆ ಒಂದು ತಪ್ಪಿದರೂ ಏನೂ ನಷ್ಟವಿಲ್ಲ. ಅದಕ್ಕೇ ಅಲ್ಲಿ ಕೈ ಸಡಿಲವಾಗಿರುತ್ತದೆ. ಪ್ರತಿ ಗೇಮನ್ನೂ 30-40ರಿಂದ ಶುರು ಮಾಡಿ. ಮೊದಲ ಸರ್ವ್ ಇಲ್ಲ, ಸೆಕೆಂಡ್ ಸರ್ವ್ ಒಂದೇ. ಸೋತವರು ಕೋರ್ಟ್ ಸುತ್ತ ಓಡಬೇಕು. ಎದೆ ಡವಡವ ಅನ್ನಬೇಕು, ಆ ಡವಡವದಲ್ಲೇ ಬೀಸಲು ಕೈ ಕಲಿಯಬೇಕು. ಅದು ಪೂರ್ತಿ ನಿಂತುಹೋಗಲಿ ಅಂತ ಕಾಯಬೇಡಿ, ದೊಡ್ಡವರಿಗೂ ನಿಲ್ಲುವುದಿಲ್ಲ.

ಅಂಪೈರ್ ಇಲ್ಲದ ಮ್ಯಾಚ್‌ನಲ್ಲಿ ಎದುರಾಳಿ ಒಳಗೆ ಬಿದ್ದ ಚೆಂಡನ್ನು ಔಟ್ ಅಂದರೆ? ಹೆಚ್ಚಿನವರ ತಲೆ ಕೆಡುವುದು ಇಲ್ಲೇ. "ಖಂಡಿತಾ ಔಟಾ?" ಅಂತ ಒಂದು ಸಲ ಕೇಳಿ. ಮತ್ತೆ ಮತ್ತೆ ಆದರೆ ರೆಫರಿಯನ್ನು ಕರೆಸಿ, ಕೋರ್ಟ್ ಪಕ್ಕ ನಿಲ್ಲಲು ಹೇಳಿ. ಜಗಳ ಬೇಡ. ನಂತರ ನೆಟ್‌ಗೆ ಬೆನ್ನು ಹಾಕಿ, ರಾಕೆಟ್ ಇನ್ನೊಂದು ಕೈಗೆ.