ನಿಮ್ಮ ಆಜ್ಞೆಯನ್ನು ಇಬ್ಬರು ಓದುತ್ತಾರೆ

ಸರ್ವರ್ ನಿರ್ವಹಣೆಯ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಣಿಸುವ ಮಾತು ‘ಡಾಕ್ಯುಮೆಂಟಿನಲ್ಲಿ ಇದ್ದ ಹಾಗೆಯೇ ಟೈಪ್ ಮಾಡಿದ್ದೇನೆ, ಸಾರ್’ ಎಂಬುದು. ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಆದರೆ ಆ ಸಾಲನ್ನು, ತಂತ್ರಾಂಶಗಳನ್ನು ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ಗಿಂತ ಮೊದಲು ಶೆಲ್, ಅಂದರೆ ನಾವು ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಂ, ಓದುತ್ತದೆ, ತನಗೆ ಅರ್ಥವಾದ ಚಿಹ್ನೆಗಳನ್ನು ತಾನೇ ಬಳಸಿಕೊಂಡು ಉಳಿದದ್ದನ್ನಷ್ಟೇ ಮುಂದಕ್ಕೆ ಕಳುಹಿಸುತ್ತದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಲ್ಲಿ ಇದನ್ನು ಪದೇ ಪದೇ ಕಾಣುತ್ತೇನೆ. ಅವರ ಪ್ಯಾಕೇಜ್ ಮ್ಯಾನೇಜರ್ ಪಿಪ್. ಜ್ಯಾಂಗೊ ಎಂಬ ಪ್ಯಾಕೇಜಿನ 4.2 ಅಥವಾ ನಂತರದ ಆವೃತ್ತಿ ಬೇಕೆಂದುಕೊಳ್ಳಿ. ‘ಪಿಪ್ ಇನ್‌ಸ್ಟಾಲ್ ಜ್ಯಾಂಗೊ>=4.2’ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ, ‘>’ ಎಂಬುದನ್ನು ಬ್ಯಾಷ್ ಎಂಬ ಶೆಲ್ ‘ಔಟ್‌ಪುಟ್ ಕಡತಕ್ಕೆ ಹೋಗಲಿ’ ಎಂಬ ಸೂಚನೆಯಾಗಿ ತೆಗೆದುಕೊಳ್ಳುತ್ತದೆ. ಫೋಲ್ಡರಿನಲ್ಲಿ ‘=4.2’ ಎಂಬ ಹೆಸರಿನ ಕಡತವೊಂದು ಹುಟ್ಟುತ್ತದೆ. ಪಿಪ್‌ಗೆ ತಲುಪುವುದು ಬರಿಯ ‘ಜ್ಯಾಂಗೊ’. ಯಂತ್ರದಲ್ಲಿ ಆಗಲೇ 3.2 ಇದ್ದರೆ, ಬೇಕಾದದ್ದು ಈಗಾಗಲೇ ಇದೆ ಎಂದು ಪಿಪ್ ಸುಮ್ಮನಾಗುತ್ತದೆ, ಮತ್ತು ಆ ಮಾತು ಕೂಡ ಪರದೆಗೆ ಬಾರದೆ ಅದೇ ಕಡತದೊಳಗೆ ಸೇರಿಕೊಳ್ಳುತ್ತದೆ. ‘ಇದೇ ಆವೃತ್ತಿ ಬೇಕು’ ಎನ್ನುವ ‘==’ ಬಳಸಿದಾಗ ಈ ತೊಂದರೆ ಇಲ್ಲದಿರುವುದರಿಂದಲೇ ಎಚ್ಚರಿಕೆಯ ಅಭ್ಯಾಸ ಬೆಳೆಯುವುದಿಲ್ಲ. ಇಂತಹ ದೂರು ಬಂದಾಗ ನಾನು ಮೊದಲು ಹುಡುಕುವುದು ಸಮ ಚಿಹ್ನೆಯಿಂದ ಶುರುವಾಗುವ ಕಡತವನ್ನು.

ಇಷ್ಟು ತಿಳಿದ ಮೇಲೆ ಜನ ಎಲ್ಲದಕ್ಕೂ ಉದ್ಧರಣ ಚಿಹ್ನೆ ಹಾಕತೊಡಗುತ್ತಾರೆ, ಇನ್ನು ಭಯವಿಲ್ಲ ಎಂದುಕೊಳ್ಳುತ್ತಾರೆ. ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವುದು ಇಲ್ಲಿಯೇ: ಉದ್ಧರಣ ಚಿಹ್ನೆ ತಡೆಯುವುದು ಶೆಲ್ ಅನ್ನು ಮಾತ್ರ. ಶೆಲ್ ಅದನ್ನು ಕಳಚಿಯೇ ಮುಂದಕ್ಕೆ ಕೊಡುವುದರಿಂದ, ಅಂಥದ್ದೊಂದು ಇತ್ತೆಂಬುದೇ ಎರಡನೆಯ ಓದುಗನಿಗೆ ತಿಳಿಯುವುದಿಲ್ಲ, ಮತ್ತು ಆ ಓದುಗನಿಗೆ ತನ್ನದೇ ವ್ಯಾಕರಣವಿರುತ್ತದೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳ ಪ್ಯಾಕೇಜ್ ಮ್ಯಾನೇಜರ್ ಆದ ಆ್ಯಪ್ಟ್-ಗೆಟ್ ತನಗೆ ಕೊಟ್ಟ ಹೆಸರಿನ ಪ್ಯಾಕೇಜ್ ಸಿಗದೆ, ಆ ಹೆಸರಿನಲ್ಲಿ ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆ ಅಥವಾ ನಕ್ಷತ್ರ ಚಿಹ್ನೆ ಇದ್ದರೆ, ಅದನ್ನು ಹಲವು ಹೆಸರುಗಳಿಗೆ ಹೊಂದಬಲ್ಲ ಮಾದರಿ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಭಾವಿಸಿ, ಹೆಸರಿನ ಯಾವ ಭಾಗದಲ್ಲಿ ಹೊಂದಿಕೆಯಾದರೂ ಆಯ್ದುಕೊಳ್ಳುತ್ತದೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ವಿವರಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ನಿಮ್ಮ ಯಂತ್ರದಲ್ಲಿರುವ ಕೈಪಿಡಿಯನ್ನೇ ನಂಬಿ. ಆದರೂ ‘ಪೈಥಾನ್3.6’ ಎಂಬುದರ ನಡುವಿನ ಚುಕ್ಕಿಯೊಂದೇ ಇದಕ್ಕೆ ಸಾಕಾಗಬಹುದು. ಆ ಪ್ಯಾಕೇಜ್ ಪಟ್ಟಿಯಲ್ಲಿ ಇಲ್ಲದಿದ್ದರೆ ಹುಡುಕಾಟ ‘ಲಿಬ್‌ಪೈಥಾನ್3.6’ರ ತನಕ ಹೋದೀತು.

ಹೆಸರಿನ ಕೊನೆಗೆ ಅಂಟಿದ ಅಡ್ಡಗೆರೆ ಇನ್ನೂ ಅಪಾಯಕಾರಿ. ಇನ್‌ಸ್ಟಾಲ್ ಆಜ್ಞೆಯಲ್ಲಿ ಪ್ಯಾಕೇಜಿನ ಹೆಸರಿಗೆ ‘-’ ಸೇರಿಸಿದರೆ ‘ಇದನ್ನು ತೆಗೆದುಹಾಕು’ ಎಂದೂ, ರಿಮೂವ್ ಆಜ್ಞೆಯಲ್ಲಿ ‘+’ ಸೇರಿಸಿದರೆ ‘ಇದನ್ನು ಹಾಕು’ ಎಂದೂ ಆ್ಯಪ್ಟ್-ಗೆಟ್ ಓದುತ್ತದೆ. ಪರಸ್ಪರ ಹೊಂದದ ಪ್ಯಾಕೇಜ್‌ಗಳ ವಿಷಯದಲ್ಲಿ ಅದರ ತೀರ್ಮಾನವನ್ನು ಬದಲಿಸಲು ಬೇಕೆಂದೇ ಇಟ್ಟ ಸೌಕರ್ಯ ಇದು. (‘ಜಿ++’ನಂತೆ ಹೆಸರೇ ಹಾಗಿದ್ದರೆ ಪೂರ್ಣ ಹೆಸರಿಗೆ ಮೊದಲ ಮನ್ನಣೆ.) ಬಹಳ ಜಾಣನಾದ ಹುಡುಗನೊಬ್ಬನಿಗೆ ಪಾಸ್‌ವರ್ಡ್ ಕಡತ ತಯಾರಿಸಲು ‘ಅಪಾಚೆ2-ಯುಟಿಲ್ಸ್’ ಬೇಕಿತ್ತು. ‘ಅಪಾಚೆ2-’ ತನಕ ಬರೆದು ಟ್ಯಾಬ್ ಒತ್ತಿದ. ಉಳಿದದ್ದು ತಾನೇ ತುಂಬಿಕೊಂಡಿತೆಂದು ನಂಬಿ, ಪರದೆಯನ್ನೂ ನೋಡದೆ ಎಂಟರ್ ಒತ್ತಿದ. ಸಾಲಿನಲ್ಲಿ ‘ಎಲ್ಲಕ್ಕೂ ಹೌದು’ ಎನ್ನುವ ‘-ವೈ’ ಇದ್ದುದರಿಂದ ಆ್ಯಪ್ಟ್-ಗೆಟ್ ಯಾವ ಪ್ರಶ್ನೆಯನ್ನೂ ಕೇಳದೆ, ನಡೆಯುತ್ತಿದ್ದ ವೆಬ್ ಸರ್ವರ್ ಅಪಾಚೆಯನ್ನೇ ತೆಗೆದುಹಾಕಿತು. ‘ಇನ್‌ಸ್ಟಾಲ್ ಅಂದರೆ ತೆಗೆಯುವುದು ಯಾವ ನ್ಯಾಯ ಸಾರ್?’ ಎಂದು ಅವನು ಕೇಳಿದ್ದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ತಾನಾಗಿಯೇ ನಡೆಯುವ ಆಜ್ಞೆಗಳ ಕಡತವಾದ ಡಾಕರ್‌ಫೈಲ್‌ನಲ್ಲಿ ‘-ವೈ’ ಇಲ್ಲದೆ ಕೆಲಸ ಸಾಗದು, ಒಪ್ಪುತ್ತೇನೆ. ಕೈಯಿಂದ ಬರೆಯುವ ಆಜ್ಞೆಯಲ್ಲಿ ಮಾತ್ರ ದಯವಿಟ್ಟು ಅದನ್ನು ಬಿಡಿ. ಗ್ರಾಹಕರು ಬಳಸುತ್ತಿರುವ ಸರ್ವರ್ ಆದರೆ ಮೊದಲು ‘-ಎಸ್’ ಸೇರಿಸಿ ಓಡಿಸಿ. ಆಗ ಏನೂ ಬದಲಾಗದೆ, ಏನಾಗಲಿದೆ ಎಂಬುದಷ್ಟೇ ಪರದೆಗೆ ಬರುತ್ತದೆ. ಅದರಲ್ಲಿ ತೆಗೆದುಹಾಕಲಾಗುವ ಪ್ಯಾಕೇಜ್‌ಗಳ ಪಟ್ಟಿ ಕಂಡರೆ ಕೊನೆಯ ಹೆಸರಿನ ತನಕ ಓದಿ, ಅನುಮಾನವಿದ್ದರೆ ಎಂಟರ್ ಒತ್ತುವ ಮೊದಲು ನನಗೆ ಫೋನ್ ಮಾಡಿ.