ಮೈಲುತುತ್ತ, ಸುಣ್ಣ ಮತ್ತು ಅಣುರಾಶಿಯ ಲೆಕ್ಕ

ಒಂದು ಅಣುವಿನಲ್ಲಿರುವ ಎಲ್ಲ ಪರಮಾಣುಗಳ ರಾಶಿಯ ಮೊತ್ತವೇ ಅಣುರಾಶಿ. ಅದರ ಲೆಕ್ಕದಲ್ಲಿ ಗಣಿತ ಬಹಳ ಕಡಿಮೆ. ಗುಣಿಸಬೇಕು, ಕೂಡಬೇಕು, ಅಷ್ಟೇ. ಆದರೂ ಪರೀಕ್ಷೆಯಲ್ಲಿ ಇಲ್ಲೇ ಅಂಕ ಹೋಗುತ್ತದೆ. ಸೂತ್ರವನ್ನು ಪೂರ್ತಿ ಓದದೆ ಲೆಕ್ಕಕ್ಕೆ ಇಳಿಯುವುದೇ ಅದಕ್ಕೆ ಕಾರಣ. ಯಾವ ಧಾತುವಿನ ಪರಮಾಣು ಎಷ್ಟಿವೆ ಎಂದು ಮೊದಲು ಎಣಿಸಿ ಬರೆದುಕೊಳ್ಳಿ. ಉತ್ತರ ಮುಕ್ಕಾಲು ಪಾಲು ಅಲ್ಲೇ ಸಿಕ್ಕಿರುತ್ತದೆ.

ನೀರಿನದು ಸುಲಭ. ಎಚ್₂ಓ ಎಂದರೆ ಎರಡು ಹೈಡ್ರೋಜನ್ (ಒಂದೊಂದರ ರಾಶಿ 1), ಒಂದು ಆಕ್ಸಿಜನ್ (ರಾಶಿ 16): (2 × 1) + 16 = 18 ಯು. ಇಲ್ಲಿ ‘ಯು’ ಪರಮಾಣು ರಾಶಿಯ ಏಕಮಾನ. ಕಾರ್ಬನ್-12ರ ಒಂದು ಪರಮಾಣುವಿನ ರಾಶಿಯಲ್ಲಿ ಹನ್ನೆರಡನೇ ಒಂದು ಭಾಗ.

ಇನ್ನು ಕಷ್ಟದ ಸೂತ್ರಗಳಿಗೆ ಬರೋಣ. ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣ ಗೊತ್ತು. ಕೊಳೆರೋಗ ತಗಲದಂತೆ ಮಳೆಗಾಲದಲ್ಲಿ ಗೊನೆಗಳಿಗೆ ಹೊಡೆಯುವ ಔಷಧಿ ಅದು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್‌ನ ನೀಲಿ ಹರಳು), 1 ಕೆ.ಜಿ. ಸುಣ್ಣ. ನಮ್ಮನ್ನು ತಡವರಿಸುವಂತೆ ಮಾಡುವ ಆವರಣ ಚಿಹ್ನೆ ಮತ್ತು ಚುಕ್ಕಿ ಎರಡೂ ಈ ಎರಡು ವಸ್ತುಗಳ ಸೂತ್ರದಲ್ಲಿವೆ.

ಅರಳಿದ ಸುಣ್ಣದ ಸೂತ್ರ ಸಿಎ(ಓಎಚ್)₂. ಆವರಣದ ಹೊರಗಿನ 2 ಒಳಗಿರುವ ಎಲ್ಲಕ್ಕೂ ಸೇರಿದ್ದು. ಹಾಗಾಗಿ ಕ್ಯಾಲ್ಸಿಯಂ 1, ಆಕ್ಸಿಜನ್ 2, ಹೈಡ್ರೋಜನ್ 2. ಮೊತ್ತ 40 + 32 + 2 = 74 ಯು. ಆ 2ನ್ನು ಹೈಡ್ರೋಜನ್‌ಗೆ ಮಾತ್ರ ಹಚ್ಚಿದರೆ 58 ಬರುತ್ತದೆ. ಉತ್ತರಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಇದೇ. ಉತ್ತರ ಸರಿಯೇ ಎಂದು ನೋಡಲು ಒಂದು ದಾರಿಯಿದೆ. ಸುಟ್ಟ ಸುಣ್ಣಕ್ಕೆ (ಸಿಎಓ, 40 + 16 = 56) ನೀರು (18) ಸೇರಿದಾಗ ಅರಳಿದ ಸುಣ್ಣವಾಗುತ್ತದೆ. 56 + 18 = 74. ರಾಶಿ ಎಲ್ಲಿಗೂ ಹೋಗಿಲ್ಲ.

ಮೈಲುತುತ್ತದ ಸೂತ್ರ ಸಿಯುಎಸ್‌ಓ₄·5ಎಚ್₂ಓ. ನಡುವಿನ ಚುಕ್ಕಿ ಗುಣಾಕಾರದ ಗುರುತಲ್ಲ. ಹರಳಿನೊಳಗೆ ಪ್ರತಿ ತಾಮ್ರದ ಸಲ್ಫೇಟ್ ಏಕಮಾನದ ಜೊತೆ ಐದು ನೀರಿನ ಅಣುಗಳಿವೆ ಎಂದಷ್ಟೇ ಅದರ ಅರ್ಥ. ಆದ್ದರಿಂದ ಕೂಡಬೇಕು. ಮುಂದಿರುವ 5 ಇಡೀ ನೀರಿನ ಅಣುವಿಗೆ ಸಲ್ಲುತ್ತದೆ:

ತಾಮ್ರ 63.5 + ಗಂಧಕ 32 + ಆಕ್ಸಿಜನ್ (4 × 16) 64 = 159.5
ನೀರು 5 × 18 = 90
ಒಟ್ಟು 249.5 ಯು

ನಿಖರವಾಗಿ ಹೇಳುವುದಾದರೆ ಸುಣ್ಣ, ಮೈಲುತುತ್ತ ಎರಡೂ ಅಯಾನಿಕ ವಸ್ತುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳಿಂದ (ಅಯಾನುಗಳಿಂದ) ಆದವು, ಬಿಡಿ ಅಣುಗಳಾಗಿ ಇರುವುದಿಲ್ಲ. ಅದಕ್ಕೇ ಇಲ್ಲಿ ಅಣುರಾಶಿ ಎನ್ನದೆ ಸೂತ್ರ ಏಕಮಾನ ರಾಶಿ ಎನ್ನುತ್ತೇವೆ. ಲೆಕ್ಕದ ವಿಧಾನ ಒಂದೇ.

ತಾಮ್ರಕ್ಕೆ 63.5 ಏಕೆ, ಅರ್ಧ ಪ್ರೋಟಾನ್ ಇರುತ್ತದೆಯೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನಿಸರ್ಗದಲ್ಲಿ ಸಿಗುವ ತಾಮ್ರದ ಪರಮಾಣುಗಳಲ್ಲಿ ರಾಶಿ ಬೇರೆಬೇರೆಯಾದ ಎರಡು ಬಗೆಗಳಿವೆ: ಸುಮಾರು ಶೇ 69 ತಾಮ್ರ-63, ಉಳಿದ ಶೇ 31 ತಾಮ್ರ-65. ಒಂದೊಂದರ ರಾಶಿ 63, 65ಕ್ಕಿಂತ ತುಸು ಕಡಿಮೆ. ಪಾಲಿಗೆ ತಕ್ಕಂತೆ ಸರಾಸರಿ ತೆಗೆದರೆ 63.546 ಆಗುತ್ತದೆ, ಶಾಲೆಯ ಲೆಕ್ಕಕ್ಕೆ 63.5 ಸಾಕು. ಅಂದರೆ 63.5 ತೂಗುವ ಒಂದೇ ಒಂದು ತಾಮ್ರದ ಪರಮಾಣುವೂ ಎಲ್ಲೂ ಇಲ್ಲ! ಆದರೂ ಚಿಟಿಕೆ ತುತ್ತದಲ್ಲಿಯೂ ಪರಮಾಣುಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಸರಾಸರಿ ಕೈಕೊಡುವುದಿಲ್ಲ.

ಈ ಸಂಖ್ಯೆಗಳಿಂದ ಏನೇನು ತಿಳಿಯುತ್ತದೆ ನೋಡಿ. 249.5ರಲ್ಲಿ 90 ನೀರು, ಅಂದರೆ ಸುಮಾರು ಶೇ 36. ನೀಲಿ ಹರಳನ್ನು ಚೆನ್ನಾಗಿ ಕಾಯಿಸಿದಾಗ ಬಿಳಿ ಪುಡಿಯಾಗುವುದು ಈ ನೀರು ಹೋದಾಗಲೇ, 1 ಕೆ.ಜಿ.ಯಲ್ಲಿ ಸುಮಾರು 640 ಗ್ರಾಂ ಉಳಿಯುತ್ತದೆ. ತಾಮ್ರದ ಪಾಲು 63.5 ÷ 249.5, ಸುಮಾರು ಶೇ 25. ಕೊಳೆರೋಗದ ವಿರುದ್ಧ ಕೆಲಸ ಮಾಡುವುದು ಕಿಲೋ ತುತ್ತದಲ್ಲಿರುವ ಆ ಕಾಲು ಕಿಲೋ ತಾಮ್ರ.

ಮೋಲ್ ಪಾಠಕ್ಕೆ ಹೋದಾಗ ಇದೇ 249.5, 74ಕ್ಕೆ ‘ಗ್ರಾಂ’ ಸೇರಿಸುತ್ತೇವೆ. ಆಗ ಅದು ಒಂದು ಮೋಲ್, ಅಂದರೆ 6.022 × 10²³ ಏಕಮಾನಗಳ ತೂಕ. ದ್ರಾವಣಕ್ಕೆ ಹಾಕುವ 1 ಕೆ.ಜಿ., ಅಂದರೆ 1000 ಗ್ರಾಂನಲ್ಲಿ ಎಷ್ಟು ಮೋಲ್ ಎಂದು ನೋಡಿ: 1000 ÷ 249.5 ಸುಮಾರು 4 ಮೋಲ್ ತುತ್ತ. 1000 ÷ 74 ಸುಮಾರು 13.5 ಮೋಲ್ ಅರಳಿದ ಸುಣ್ಣ. ತಕ್ಕಡಿಯಲ್ಲಿ ಸಮ, ಎಣಿಕೆಯಲ್ಲಿ ಮೂರು ಪಟ್ಟಿಗಿಂತ ಹೆಚ್ಚು! ಆಮ್ಲೀಯವಾದ ತಾಮ್ರದ ದ್ರಾವಣ ಹಾಗೇ ಉಳಿದರೆ ಎಲೆ ಸುಡುತ್ತದೆ. ಹಾಗಾಗದಂತೆ ಸುಣ್ಣ ಧಾರಾಳವಾಗಿರಬೇಕು. ಆದರೆ ಹಳೆಯ, ಗಾಳಿಗೆ ತೆರೆದಿಟ್ಟ ಸುಣ್ಣ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುತ್ತದೆ. ಆಗ ಕಾಗದದ ಮೇಲಿನ 13.5 ಮೋಲ್ ಬ್ಯಾರೆಲ್‌ನಲ್ಲಿ ಇರುವುದಿಲ್ಲ. ಅದಕ್ಕೇ ಕೃಷಿಕರು ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೆರೆಸುತ್ತಾರೆ.