ಏನೂ ನಡೆಯದ ಜಪಾನಿ ಸಿನಿಮಾ ಮನಸ್ಸಿನಿಂದ ಯಾಕೆ ಹೋಗೋದಿಲ್ಲ?

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆ ಅಂತ ಓಜು ನಿರ್ದೇಶನದ ‘ಟೋಕಿಯೊ ಸ್ಟೋರಿ’ ನೋಡಿದೆ. ಎರಡು ಗಂಟೆಗೂ ಜಾಸ್ತಿ ಇದೆ, ಏನೂ ನಡೆಯೋದೇ ಇಲ್ಲ. ಜನ ನೆಲದ ಮೇಲೆ ಕೂತು ಮಾತಾಡ್ತಾರೆ, ನಗ್ತಾರೆ, ಟೀ ಕುಡೀತಾರೆ. ಮಧ್ಯೆ ಮಧ್ಯೆ ಸುಮ್ನೆ ಹೊಗೆ ಕೊಳವೆ, ರೈಲು, ಒಣಗಲು ಹಾಕಿದ ಬಟ್ಟೆ. ಅರ್ಧಕ್ಕೇ ನಿಲ್ಲಿಸೋಣ ಅನ್ನಿಸಿತ್ತು. ಆದರೆ ನೋಡಿ ಎಷ್ಟೋ ದಿನ ಆದರೂ ಆ ಅಜ್ಜ ಅಜ್ಜಿ ಮನಸ್ಸಿನಿಂದ ಹೋಗ್ತಾನೇ ಇಲ್ಲ. ಯಾಕೆ ಹೀಗೆ? ಜಪಾನಿ ಸಿನಿಮಾ ಎಲ್ಲ ಹೀಗೇನಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ಎಲ್ಲ ಹೀಗಿಲ್ಲ.

‘ಟೋಕಿಯೊ ಸ್ಟೋರಿ’ ಬಂದಿದ್ದು 1953ರಲ್ಲಿ. ಮರುವರ್ಷ ಅದೇ ದೇಶದಲ್ಲಿ ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ಬಂತು. 207 ನಿಮಿಷದ ಸಿನಿಮಾ. ಕೊನೆಯ ಕಾಳಗ ಧೋ ಅಂತ ಸುರಿಯುವ ಮಳೆಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಡೆಯುತ್ತದೆ, ಅದನ್ನು ಹಲವು ಕ್ಯಾಮೆರಾ ಇಟ್ಟು ಒಟ್ಟಿಗೇ ಹಿಡಿದಿದ್ದಾರೆ, ನೋಡುತ್ತಾ ಇದ್ದರೆ ಉಸಿರು ಬಿಗಿಯಾಗುತ್ತದೆ. ದರೋಡೆಕೋರರ ಕಾಟ ತಾಳಲಾರದೆ ಹಳ್ಳಿಯವರು ಕತ್ತಿವರಸೆ ಬಲ್ಲವರನ್ನು ಕರೆತರುವ ಕಥೆ ಅದು. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಅದು 1960ರಲ್ಲಿ ಹಾಲಿವುಡ್‌ನಲ್ಲಿ ಕೌಬಾಯ್ ಕಥೆಯಾಯಿತು. ಅದರ ನೆರಳು 1975ರ ‘ಶೋಲೆ’ಯ ಮೇಲೂ ಬಿತ್ತು, ನಮ್ಮ ರಾಮನಗರದ ಬಂಡೆಗಳ ನಡುವೆಯೇ ಅದರ ಶೂಟಿಂಗ್ ನಡೆದಿದ್ದು. ಅಂದರೆ ಜಪಾನಿ ಸಿನಿಮಾ ಒಂದನ್ನೂ ನೋಡದವರಿಗೂ ಕುರೊಸಾವಾ ಅಷ್ಟಿಷ್ಟು ಗೊತ್ತೇ ಇದ್ದಾರೆ.

ಹಾಗಾಗಿ ‘ಅದು ಜಪಾನಿ ಸಂಸ್ಕೃತಿ, ಝೆನ್, ಅವರು ಹಾಗೇ’ ಅನ್ನುವ ಉತ್ತರ ನನಗೆ ಒಪ್ಪಿಗೆಯಿಲ್ಲ. ಓಜು ಹುಡುಗನಾಗಿದ್ದಾಗಿನಿಂದ ಅಮೆರಿಕನ್ ಸಿನಿಮಾದ ಹುಚ್ಚು ಹತ್ತಿಸಿಕೊಂಡವರು. 1930ರ ದಶಕದ ಅವರ ಸಿನಿಮಾಗಳಲ್ಲಿ ಗೋಡೆ ಮೇಲೆ ಹಾಲಿವುಡ್ ಪೋಸ್ಟರ್‌ಗಳು ಕಾಣುತ್ತವೆ. ‘ಟೋಕಿಯೊ ಸ್ಟೋರಿ’ಯ ಹಿಂದೆಯೇ 1937ರ ಒಂದು ಅಮೆರಿಕನ್ ಸಿನಿಮಾ ಇದೆ. ಮಕ್ಕಳಿಗೆ ಬೇಡವಾದ ಅಪ್ಪ ಅಮ್ಮನ ಕಥೆ ಅದು. ಓಜು ಜೊತೆ ಕೂತು ಚಿತ್ರಕಥೆ ಬರೆದ ಕೋಗೊ ನೋಡ ಅನ್ನುವವರು ಅದನ್ನು ನೋಡಿದ್ದರು. ನಿಮಗೆ ವಿಚಿತ್ರ ಅನ್ನಿಸಿದ್ದು ಒಬ್ಬ ಮನುಷ್ಯ ವರ್ಷಗಟ್ಟಲೆ ಯೋಚನೆ ಮಾಡಿ ಆರಿಸಿಕೊಂಡ ದಾರಿ. ಆಗಿನ ಜಪಾನಿನಲ್ಲೂ ಬೇರೆ ಯಾರೂ ಹೀಗೆ ಸಿನಿಮಾ ತೆಗೆಯುತ್ತಿರಲಿಲ್ಲ.

ಈಗ ಆ ದಾರಿ ಏನು ಅಂತ ನೋಡೋಣ.

ಮೊದಲು ಕ್ಯಾಮೆರಾ. ಅದು ಯಾವಾಗಲೂ ಕೆಳಗಿರುತ್ತದೆ. ಚಾಪೆ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಇಟ್ಟಿದ್ದಾರೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಆದರೆ ಗಮನವಿಟ್ಟು ನೋಡಿದರೆ ಅದಕ್ಕಿಂತಲೂ ಕೆಳಗಿದೆ, ಮೇಜು ಕುರ್ಚಿ ಇರುವ ಆಫೀಸಿನಲ್ಲೂ ರಸ್ತೆಯಲ್ಲೂ ಅಷ್ಟೇ ಕೆಳಗಿದೆ. ಇಡೀ ‘ಟೋಕಿಯೊ ಸ್ಟೋರಿ’ಯಲ್ಲಿ ಕ್ಯಾಮೆರಾ ಜಾಗ ಬಿಟ್ಟು ಚಲಿಸುವುದು ಒಂದೋ ಎರಡೋ ಸಲ. ಲೆನ್ಸ್ ಹೆಚ್ಚುಕಮ್ಮಿ ಯಾವಾಗಲೂ ಒಂದೇ, 50 ಎಂಎಂ. ಒಂದು ದೃಶ್ಯ ಕರಗಿ ಇನ್ನೊಂದಾಗುವ ಡಿಸಾಲ್ವ್ ಕೂಡ ಇಲ್ಲ, ನೇರ ಕಟ್ ಅಷ್ಟೇ.

ಇನ್ನು ಮಾತುಕತೆ. ನಾವು ದಿನಾ ನೋಡುವ ಸಿನಿಮಾ, ಧಾರಾವಾಹಿಗಳಲ್ಲಿ ಇಬ್ಬರು ಮಾತಾಡುವಾಗ ಕ್ಯಾಮೆರಾ ಅವರ ಒಂದೇ ಪಕ್ಕದಲ್ಲಿರುತ್ತದೆ. ಒಬ್ಬರು ಎಡಕ್ಕೆ ನೋಡುತ್ತಾರೆ, ಇನ್ನೊಬ್ಬರು ಬಲಕ್ಕೆ. ಈ ನಿಯಮ ನಮಗೆ ಯಾರೂ ಹೇಳಿಕೊಟ್ಟಿಲ್ಲ, ಕಣ್ಣಿಗೆ ತಾನಾಗಿಯೇ ಅಭ್ಯಾಸವಾಗಿಬಿಟ್ಟಿದೆ. ಓಜು ಅದನ್ನು ಬೇಕಂತಲೇ ಮುರಿಯುತ್ತಾರೆ. ಮಾತಾಡುವ ಇಬ್ಬರೂ ಒಬ್ಬೊಬ್ಬರಾಗಿ ಹೆಚ್ಚುಕಮ್ಮಿ ಲೆನ್ಸಿನ ಕಡೆಗೇ ಮುಖ ಮಾಡಿರುತ್ತಾರೆ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ತಕ್ಷಣ ಹೊಳೆಯುವುದಿಲ್ಲ. ನಿಮಗಾದ ಕಸಿವಿಸಿಯಲ್ಲಿ ದೊಡ್ಡ ಪಾಲು ಇದರದ್ದು ಅಂತ ನನ್ನ ಅಂದಾಜು. ಅದೇ ಹೊತ್ತಿಗೆ ಆ ಅಜ್ಜಿ ನಕ್ಕರೆ ನಿಮ್ಮನ್ನೇ ನೋಡಿ ನಕ್ಕ ಹಾಗಿರುತ್ತದೆ. ಕಸಿವಿಸಿ, ಹತ್ತಿರದವರು ಅನ್ನುವ ಭಾವ ಎರಡೂ ಒಂದೇ ಕಡೆಯಿಂದ ಬರುತ್ತವೆ.

ಆದರೆ ತಂತ್ರಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಓಜು ಏನನ್ನು ತೋರಿಸುತ್ತಾರೆ, ಏನನ್ನು ಬಿಡುತ್ತಾರೆ ಅನ್ನುವುದು.

ಕಥೆ ನಿಮಗೆ ಗೊತ್ತು, ನೋಡದವರಿಗಾಗಿ ಹೇಳಿಬಿಡುತ್ತೇನೆ. ಒನೊಮಿಚಿ ಅನ್ನುವ ಕಡಲ ದಂಡೆಯ ಊರಿನಿಂದ ವಯಸ್ಸಾದ ಗಂಡ ಹೆಂಡತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ರೈಲು ಹತ್ತುತ್ತಾರೆ. ಮಗ ಡಾಕ್ಟರು, ಮಗಳದ್ದು ಬ್ಯೂಟಿ ಪಾರ್ಲರ್. ಇಬ್ಬರಿಗೂ ಪುರುಸೊತ್ತಿಲ್ಲ. ಮಕ್ಕಳು ಒಂದಿಷ್ಟು ದುಡ್ಡು ಹಾಕಿ ಅಪ್ಪ ಅಮ್ಮನನ್ನು ಅತಾಮಿಯ ಬಿಸಿನೀರಿನ ಬುಗ್ಗೆಗಳ ಕಡೆ ಕಳಿಸಿಬಿಡುತ್ತಾರೆ. ಅಲ್ಲಿನ ಹೋಟೆಲಲ್ಲಿ ರಾತ್ರಿಯೆಲ್ಲ ಪಕ್ಕದವರ ಗಲಾಟೆ, ಇವರಿಗೆ ನಿದ್ದೆ ಇಲ್ಲ. ಪ್ರೀತಿಯಿಂದ ನೋಡಿಕೊಳ್ಳುವವಳು ಸೊಸೆ ನೊರಿಕೊ ಮಾತ್ರ, ಯುದ್ಧದಲ್ಲಿ ತೀರಿಕೊಂಡ ಮಗನ ಹೆಂಡತಿ. ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ತಾಯಿ ಸಾಯುತ್ತಾಳೆ. ಅಷ್ಟೇ.

ಇದೇ ಕಥೆ ನಮ್ಮಲ್ಲಿ ಸಿನಿಮಾ ಆದರೆ ಮಗಳು ಕೆಟ್ಟವಳಾಗುತ್ತಾಳೆ. ಕೊನೆಗೆ ಅವಳಿಗೆ ಪಾಠ ಕಲಿಸುವ ಒಂದು ದೃಶ್ಯ ಇದ್ದೇ ಇರುತ್ತದೆ. ಇಲ್ಲಿ ಏನಾಗುತ್ತದೆ ನೋಡಿ. ಗಂಡ ಅತ್ತೆ ಮಾವನಿಗೆ ಅಂತ ಒಳ್ಳೆಯ ಸಿಹಿ ತಿಂಡಿ ತಂದರೆ ಶಿಗೆ ಅನ್ನುವ ಆ ಮಗಳು ‘ಅವರಿಗೆ ಇಷ್ಟು ದುಬಾರಿಯದ್ದು ಯಾಕೆ’ ಅಂತ ಗೊಣಗುತ್ತಾ ತಾನೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ತಾಯಿ ಸತ್ತಾಗ ಅವಳೇ ಜೋರಾಗಿ ಅಳುತ್ತಾಳೆ. ಅದು ನಿಜವಾದ ಅಳು, ನಾಟಕವಿಲ್ಲ. ಅಂತ್ಯಕ್ರಿಯೆ ಮುಗಿಸಿ ಊಟಕ್ಕೆ ಕೂತಾಗ, ಕಣ್ಣೀರು ಆರಿ ಬಹಳ ಹೊತ್ತೇನೂ ಆಗಿರುವುದಿಲ್ಲ, ಅಮ್ಮನ ಇಂಥಾ ಕಿಮೊನೊ, ಇಂಥಾ ಸೊಂಟಪಟ್ಟಿ ನೆನಪಿಗೆ ನನಗಿರಲಿ ಅಂತ ಕೇಳುತ್ತಾಳೆ. ಈ ಮೂರೂ ಒಬ್ಬಳೇ ಹೆಂಗಸು. ನಮ್ಮ ಮನೆಗಳಲ್ಲಿ ಇಂಥವರು ಇಲ್ವಾ? ನಾವೇ ಕೆಲವೊಮ್ಮೆ ಹೀಗಿರೋದಿಲ್ವಾ? ಓಜು ಅವಳನ್ನು ಬಯ್ಯುವುದಿಲ್ಲ, ಹಿನ್ನೆಲೆ ಸಂಗೀತ ಹಾಕಿ ನಮ್ಮ ಕೈಲೂ ಬಯ್ಯಿಸುವುದಿಲ್ಲ. ಬಯ್ದುಬಿಟ್ಟಿದ್ದರೆ ನಮಗೆ ಹಗುರವಾಗುತ್ತಿತ್ತು, ಸಿನಿಮಾ ಅಲ್ಲಿಗೇ ಮುಗಿಯುತ್ತಿತ್ತು. ತೀರ್ಪು ಕೊಡದೆ ಬಿಟ್ಟಿದ್ದರಿಂದಲೇ ಅದು ನಿಮ್ಮ ಜೊತೆ ಮನೆಗೆ ಬಂದಿದೆ.

ಇನ್ನೊಂದು ದೃಶ್ಯ ಇದೆ, ಇಡೀ ಸಿನಿಮಾದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು. ತಾಯಿ ಕೊನೆಯುಸಿರೆಳೆಯುವುದನ್ನು ಓಜು ತೋರಿಸುವುದೇ ಇಲ್ಲ. ರಾತ್ರಿ ಪ್ರಜ್ಞೆ ಇಲ್ಲದೆ ಮಲಗಿದ್ದಾಳೆ, ಮಕ್ಕಳು ಸುತ್ತ ಕೂತಿದ್ದಾರೆ. ಆಮೇಲೆ ಊರಿನ ಒಂದೆರಡು ನೋಟ, ಬಂದರು, ಬೆಳಗಿನ ಬೆಳಕು. ಮತ್ತೆ ಮನೆಯೊಳಗೆ ಬರುವಷ್ಟರಲ್ಲಿ ಆಕೆ ಹೋಗಿಯಾಗಿದೆ. ತಂದೆ ಅಲ್ಲಿಲ್ಲ. ನೊರಿಕೊ ಹುಡುಕಿಕೊಂಡು ಹೊರಗೆ ಬಂದರೆ ಮುದುಕ ಒಬ್ಬನೇ ನಿಂತು ಕಡಲ ಕಡೆ ನೋಡುತ್ತಿದ್ದಾನೆ. ಸೂರ್ಯೋದಯ ಚೆನ್ನಾಗಿತ್ತು ಅನ್ನುತ್ತಾನೆ. ಇವತ್ತೂ ಸೆಕೆ ಜಾಸ್ತಿ ಇರುತ್ತದೆ ಅನ್ನುತ್ತಾನೆ. ಹಾಗಂದು ಮನೆ ಕಡೆ ಹೆಜ್ಜೆ ಹಾಕುತ್ತಾನೆ.

ಹೆಂಡತಿ ಸತ್ತ ಬೆಳಿಗ್ಗೆ ಸೆಕೆಯ ಮಾತಾಡುವ ಗಂಡ! ಬರಹದಲ್ಲಿ ಹೇಳಿದರೆ ಕಲ್ಲುಮನಸ್ಸಿನವನು ಅನ್ನಿಸಬಹುದು. ತೆರೆಯ ಮೇಲೆ ನೋಡಿದರೆ ಗಂಟಲು ಕಟ್ಟುತ್ತದೆ. ಸಾವಿನ ಮನೆಯಲ್ಲಿ ಜನ ಮಳೆ ಬೆಳೆಯ ಮಾತಾಡುವುದನ್ನು, ಕಾಫಿ ಆಯ್ತಾ ಅಂತ ಕೇಳುವುದನ್ನು ನಾವೆಲ್ಲ ನೋಡಿದ್ದೇವೆ, ನಾವೂ ಹಾಗೇ ಮಾತಾಡಿದ್ದೇವೆ. ನಮ್ಮ ಸಿನಿಮಾಗಳಲ್ಲಿ ಅದನ್ನು ನೋಡಿದ್ದು ಕಡಿಮೆ. ತಂದೆಯ ಪಾತ್ರ ಮಾಡಿದ ಚಿಶು ರ‍್ಯೂ ಅವರಿಗೆ ಆಗ 49 ವರ್ಷ ಅಷ್ಟೇ, ಪಾತ್ರಕ್ಕೆ 70ರ ಆಸುಪಾಸು. ಮುಖದಲ್ಲಿ ಅಭಿನಯ ಉಳಿಯದಷ್ಟು ಸರಳವಾಗುವ ತನಕ ಓಜು ಒಂದೇ ಶಾಟನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಆ ದುಃಖವನ್ನು ರ‍್ಯೂ ತೋರಿಸುವುದಿಲ್ಲ. ಆತ ಬಿಟ್ಟ ಜಾಗಕ್ಕೆ ನಾವು ನಮ್ಮ ದುಃಖವನ್ನು ತಂದಿಡುತ್ತೇವೆ.

ಬಿಡುವುದು ಅಂದೆನಲ್ಲ, ಅದರ ಇನ್ನೊಂದು ಉದಾಹರಣೆ 1949ರ ‘ಲೇಟ್ ಸ್ಪ್ರಿಂಗ್’. ಇಡೀ ಸಿನಿಮಾ ಮಗಳ ಮದುವೆ ಸುತ್ತಲೇ ಇದೆ. ಮದುವೆ ಮಾತ್ರ ಇಲ್ಲ! ಮದುಮಗನ ಮುಖವೂ ಕಾಣುವುದಿಲ್ಲ. ಮಗಳನ್ನು ಕಳಿಸಿ ಮನೆಗೆ ಬಂದ ಅಪ್ಪ ಒಬ್ಬನೇ ಕೂತು ಸೇಬಿನ ಸಿಪ್ಪೆ ಸುಲಿಯುತ್ತಾನೆ. ಮದುವೆಮನೆಯ ಗದ್ದಲ, ಊಟ, ಓಡಾಟ ಎಲ್ಲ ಬಿಟ್ಟು ಓಜು ತಮ್ಮ ಸಮಯವನ್ನು ಅಲ್ಲಿ ಖರ್ಚು ಮಾಡುತ್ತಾರೆ. ನೀವು ಹೇಳಿದ ರೈಲು, ಹೊಗೆ ಕೊಳವೆಗಳ ಕೆಲಸವೂ ಇಂಥದ್ದೇ. ಒಂದು ದೃಶ್ಯ ಮುಗಿದ ಕೂಡಲೇ ಇನ್ನೊಂದರೊಳಗೆ ತಳ್ಳದೆ, ಈಗ ನೋಡಿದ್ದು ಮನಸ್ಸಿಗೆ ಇಳಿಯಲು ಸ್ವಲ್ಪ ಹೊತ್ತು ಕೊಡುತ್ತವೆ.

ಇದೆಲ್ಲ ಹೊರಗಿನವರಿಗೆ ಎಲ್ಲಿ ಅರ್ಥವಾಗುತ್ತದೆ ಅಂತ ಜಪಾನಿನ ಚಿತ್ರೋದ್ಯಮವೇ ಅಂದುಕೊಂಡಿತ್ತು. 1951ರಲ್ಲಿ ಕುರೊಸಾವಾರ ‘ರಾಶೊಮೊನ್’ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದ ಮೇಲೆ ಪಶ್ಚಿಮಕ್ಕೆ ಹೆಚ್ಚಾಗಿ ಹೋಗಿದ್ದು ಹಳೆಯ ಕಾಲದ ಸಮುರಾಯ್ ಕಥೆಗಳು, ದೆವ್ವದ ಕಥೆಗಳು. ಓಜು ಮನೆಯಲ್ಲೇ ಉಳಿದರು. 1963ರಲ್ಲಿ, ತಮ್ಮ 60ನೇ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ನ್ಯೂಯಾರ್ಕಿನ ಥಿಯೇಟರಿನಲ್ಲಿ ‘ಟೋಕಿಯೊ ಸ್ಟೋರಿ’ ಬಿಡುಗಡೆಯಾಗಿದ್ದು 1972ರಲ್ಲಿ. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದೇ ಸಿನಿಮಾಗೆ.

ಜಪಾನಿನ ಆಚೆಗೂ ಈ ದಾರಿ ಹಿಡಿದವರು ಇದ್ದಾರೆ. ಇರಾನಿನ ನಿರ್ದೇಶಕ ಅಬ್ಬಾಸ್ ಕಿಯರೊಸ್ತಮಿ 2003ರಲ್ಲಿ ತಮ್ಮ ‘ಫೈವ್’ ಸಿನಿಮಾವನ್ನು ಓಜು ಅವರಿಗೇ ಅರ್ಪಿಸಿದರು. ಅವರ 1987ರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’ ನೋಡಿ. ಒಬ್ಬ ಹುಡುಗ ಗೆಳೆಯನ ನೋಟ್‌ಬುಕ್ಕನ್ನು ಗೊತ್ತಿಲ್ಲದೆ ಮನೆಗೆ ತಂದುಬಿಟ್ಟಿದ್ದಾನೆ. ನಾಳೆ ಹೋಮ್‌ವರ್ಕ್ ಅದರಲ್ಲಿ ಬರೆದು ತರದಿದ್ದರೆ ಮೇಷ್ಟ್ರು ಆ ಗೆಳೆಯನನ್ನು ಶಾಲೆಯಿಂದಲೇ ಹೊರಗೆ ಹಾಕುತ್ತಾರೆ. ಅದನ್ನು ಕೊಟ್ಟು ಬರಲು ಹುಡುಗ ಪಕ್ಕದೂರಿಗೆ ಗುಡ್ಡ ಹತ್ತಿ ಓಡುತ್ತಾನೆ. ದೊಡ್ಡವರು ಯಾರೂ ಅವನ ಮಾತಿಗೆ ಕಿವಿಗೊಡುವುದಿಲ್ಲ. ಇಷ್ಟೇ ಕಥೆ, ಆದರೂ ನೋಡುವಾಗ ಜೀವ ಕೈಯಲ್ಲಿ ಹಿಡಿದು ಕೂತಿರುತ್ತೀರಿ. ಪರ್ಷಿಯನ್ ಭಾಷೆ, ಮಣ್ಣಿನ ಮನೆಗಳು, ಅಂಕುಡೊಂಕು ಕಾಲುದಾರಿ ಎಲ್ಲ ಹೊಸದು. ಮೇಷ್ಟ್ರ ಭಯ ಮಾತ್ರ ಹಳೆಯದು. ಪರದೇಶದ ಸಿನಿಮಾದ ಸೆಳೆತ ನನ್ನ ಮಟ್ಟಿಗೆ ಇದೇ: ಹೊರಗಿನದೆಲ್ಲ ಬೇರೆಯಾದಾಗ ಒಳಗಿನ ಗೊತ್ತಿರುವ ಸಂಗತಿ ಎದ್ದು ಕಾಣುತ್ತದೆ. ನಮ್ಮೂರ ಕಥೆಯಲ್ಲಿ ಅದೇ ಸಂಗತಿ ಎದುರಿಗಿದ್ದರೂ ಅಭ್ಯಾಸದಿಂದ ದಾಟಿ ಹೋಗಿಬಿಡುತ್ತೇವೆ.

ಆ ಕಡೆಯಿಂದ ನೋಡಿದರೂ ಹಾಗೇ. 1998ರಲ್ಲಿ ರಜನೀಕಾಂತ್ ಅವರ ‘ಮುತ್ತು’ ಜಪಾನಿನಲ್ಲಿ ಬಿಡುಗಡೆಯಾಗಿ ಅಲ್ಲಿನ ಜನ ಮುಗಿಬಿದ್ದು ನೋಡಿದರು. ನಮಗೆ ಮಾಮೂಲಾದ ಹಾಡು ಕುಣಿತವೇ ಅವರಿಗೆ ವಿಚಿತ್ರ, ಅದೇ ಖುಷಿ. ಮಂಡ್ಯದ ಹಳ್ಳಿಯಲ್ಲಿ, ಅಲ್ಲಿನ ಜನರನ್ನೇ ಹಾಕಿಕೊಂಡು ತೆಗೆದ ನಮ್ಮ ‘ತಿಥಿ’ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅದರಲ್ಲಿನ ನೂರು ದಾಟಿದ ಅಜ್ಜ ಸೆಂಚುರಿ ಗೌಡನನ್ನು ಅವರೂ ಸಬ್‌ಟೈಟಲ್ ಓದಿಕೊಂಡೇ ನೋಡಿದ್ದು.

ಇನ್ನು ಮುಂದೆ ಏನು ನೋಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಓಜು ಅಂದರೆ ಬರೀ ದುಃಖ ಅಂದುಕೊಳ್ಳಬೇಡಿ. 1959ರ ‘ಗುಡ್ ಮಾರ್ನಿಂಗ್’ ನೋಡಿ. ಬಣ್ಣದ್ದು, ತಮಾಷೆಯದ್ದು. ಮನೆಗೆ ಟಿವಿ ಬೇಕು ಅಂತ ಹಟ ಹಿಡಿದ ಇಬ್ಬರು ಹುಡುಗರು, ಅಪ್ಪ ಬಯ್ದರು ಅಂತ, ಯಾರ ಜೊತೆಗೂ ಮಾತೇ ಆಡದೆ ಮುಷ್ಕರ ಹೂಡುತ್ತಾರೆ. ದೊಡ್ಡವರು ದಿನಾ ಆಡುವ ನಮಸ್ಕಾರ, ಹವಾ ಚೆನ್ನಾಗಿದೆ, ಎಲ್ಲಿಗೆ ಹೊರಟಿರಿ ಅನ್ನುವುದೆಲ್ಲ ಬರೀ ಒಣಮಾತು ಅನ್ನುವುದು ಹುಡುಗರ ವಾದ. ಹೂಸು ಬಿಡುವ ಜೋಕುಗಳೂ ಇವೆ, ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಅದಾದ ಮೇಲೆ ‘ಲೇಟ್ ಸ್ಪ್ರಿಂಗ್’, ಆಮೇಲೆ ಮತ್ತೊಮ್ಮೆ ‘ಟೋಕಿಯೊ ಸ್ಟೋರಿ’. ವೇಗ ಬೇಕು ಅನ್ನಿಸಿದ ದಿನ ‘ಸೆವೆನ್ ಸಮುರಾಯ್’ ಹಾಕಿ, ಮಧ್ಯದಲ್ಲಿ ಇಂಟರ್‌ವಲ್ ಕೂಡ ಇದೆ.

ನೋಡುವಾಗ ಫೋನನ್ನು ಬೇರೆ ಕೋಣೆಯಲ್ಲಿಡಿ. ವೇಗ ಹೆಚ್ಚಿಸಿ ನೋಡಲೇಬೇಡಿ, ಓಜು ಸಿನಿಮಾದಲ್ಲಿ ಸಮಯವನ್ನು ಕತ್ತರಿಸಿದರೆ ಉಳಿಯುವುದು ಬರೀ ಕಥೆಯ ಸಾರಾಂಶ. ಸಬ್‌ಟೈಟಲ್ ಓದುವ ಕಷ್ಟ ಮೊದಲ ಕಾಲು ಗಂಟೆಯದ್ದು. ಮಾತು ಕಡಿಮೆ ಇರುವ ದೃಶ್ಯಗಳಲ್ಲಿ ಓದುವುದನ್ನು ಬಿಟ್ಟು ಕೈಗಳನ್ನು ನೋಡಿ, ಬೀಸಣಿಗೆ ಬೀಸುವುದನ್ನು ನೋಡಿ. ‘ಟೋಕಿಯೊ ಸ್ಟೋರಿ’ಯಲ್ಲಿ ಹೆಚ್ಚುಕಮ್ಮಿ ಎಲ್ಲರ ಕೈಯಲ್ಲೂ ಒಂದೊಂದು ಬೀಸಣಿಗೆ ಇದೆ. ಯಾರು ಯಾವ ಮಾತಿಗೆ ಬೀಸುವುದನ್ನು ನಿಲ್ಲಿಸುತ್ತಾರೆ ಅಂತ ಎರಡನೇ ಸಲ ನೋಡುವಾಗ ಗಮನಿಸಿ.